ದರ್ಜೆ ಕೊಟ್ಟವರು ಕಾರಣವನ್ನೂ ಕೊಡಲಿ

ಕಡಲೆಕಾಯಿ ಕಿತ್ತು ಹೊಲ ಬರಿದಾದ ಮೇಲೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಕ್ರಿಕೆಟ್ಟಿನ ಸುಗ್ಗಿ. ನೀರಿಲ್ಲದ ಕೆರೆಯಂಗಳ, ಹೈಸ್ಕೂಲ್ ಮೈದಾನ, ಊರಾಚೆಯ ಬಯಲು, ಎಲ್ಲಿ ನೋಡಿದರೂ ಟೆನಿಸ್ ಬಾಲ್ ಟೂರ್ನಮೆಂಟು. ಮೊದಲು ಊರಿಗೊಂದು ತಂಡ ಇರುತ್ತಿತ್ತು. ಈಗ ಐಪಿಎಲ್ ನೋಡಿ ಕಲಿತ ಹರಾಜು ಬಂದಿದೆ. ಆಟಗಾರ ಫೋಟೊ, ಆಧಾರ್, ಪ್ರವೇಶ ಶುಲ್ಕ ಕೊಟ್ಟು ಹೆಸರು ಬರೆಸುತ್ತಾನೆ. ಸಂಘಟಕರು ಅವನನ್ನು ಎ, ಬಿ, ಸಿ ಎಂದು ವಿಂಗಡಿಸಿ ಒಂದೊಂದು ದರ್ಜೆಗೆ ಒಂದೊಂದು ಮೂಲಬೆಲೆ ಕಟ್ಟುತ್ತಾರೆ. ತಂಡದ ಮಾಲೀಕರು ಪಾಯಿಂಟುಗಳಲ್ಲಿ ಕೂಗುತ್ತಾರೆ.

ಹರಾಜಿನ ಬಗ್ಗೆ ನನಗೆ ತಕರಾರಿಲ್ಲ. ಎಲ್ಲ ಒಳ್ಳೆಯ ಆಟಗಾರರೂ ಒಂದೇ ತಂಡ ಸೇರದಂತೆ ಅದು ತಡೆಯುತ್ತದೆ. ನನ್ನ ತಕರಾರು ಹರಾಜಿನ ಹಿಂದಿನ ದಿನ ತಯಾರಾಗುವ ಪಟ್ಟಿಯ ಬಗ್ಗೆ. ಕೆಲವು ವರ್ಷ ಈ ಪಂದ್ಯಗಳಿಗೆ ಸ್ಕೋರ್ ಬರೆದವನು ನಾನು. ದರ್ಜೆ ಹಾಕುವಾಗ ನನ್ನ ಸ್ಕೋರ್ ಪುಸ್ತಕವನ್ನು ಯಾರೂ ಒಂದು ಸಲವೂ ಕೇಳಲಿಲ್ಲ. ನಾಲ್ಕು ಜನ ಕೂತು ನೆನಪಿನ ಮೇಲೆ ಬರೆಯುತ್ತಿದ್ದರು. ‘ಹೆಂಗೆ ಆಡ್ತಾನೆ?’ ಅನ್ನುವುದಕ್ಕಿಂತ ಮೊದಲು ‘ಯಾರ ಕಡೆ ಹುಡುಗ?’ ಅನ್ನುವ ಮಾತು ಬರುತ್ತಿತ್ತು. ಪೇಟೆಯ ಹುಡುಗನ ಒಂದು ಸಿಕ್ಸರ್ ನೆನಪಿರುತ್ತದೆ. ಹಟ್ಟಿಯಿಂದ, ಕಾಲೋನಿಯಿಂದ ಬಂದವನ ನಾಲ್ಕು ವಿಕೆಟ್ ನೆನಪಿರುವುದಿಲ್ಲ.

ಹೀಗೆ ಕೊಟ್ಟ ದರ್ಜೆಯನ್ನು ಪ್ರಶ್ನಿಸಲು ಜಾಗವೇ ಇಲ್ಲ. ಕೇಳಿದರೆ ‘ಕಮಿಟಿ ತೀರ್ಮಾನವೇ ಅಂತಿಮ’ ಎಂಬ ಸಾಲು ತೋರಿಸುತ್ತಾರೆ. ಆ ಕಮಿಟಿಯಲ್ಲಿ ಒಬ್ಬಿಬ್ಬರು ತಂಡದ ಮಾಲೀಕರೇ ಆಗಿರುತ್ತಾರೆ. ಮಾರುವ ಸರಕಿಗೆ ಕೊಳ್ಳುವವನೇ ಬೆಲೆ ಚೀಟಿ ಅಂಟಿಸಿದ ಹಾಗೆ. ತನಗೆ ಬೇಕಾದ ಒಳ್ಳೆಯ ಬೌಲರನ್ನು ಸಿ ದರ್ಜೆಯಲ್ಲಿ ಬಚ್ಚಿಟ್ಟು ಅಗ್ಗಕ್ಕೆ ಎತ್ತಿಕೊಳ್ಳುವುದು ಇಲ್ಲಿ ಎಲ್ಲರಿಗೂ ಗೊತ್ತಿರುವ ಜಾಣತನ. ಅನ್ಯಾಯ ಮೇಲಿನಿಂದಲೂ ಆಗುತ್ತದೆ. ಮಂಡಿ ನೋವಿನಿಂದ ಓಡಲಾರದ ಹಳೆಯ ಆಟಗಾರನನ್ನು ಹೆಸರಿನ ಮೇಲೆ ಎ ದರ್ಜೆಯಲ್ಲೇ ಇಡುತ್ತಾರೆ. ಆ ಬೆಲೆಗೆ ಯಾರೂ ಕೊಳ್ಳುವುದಿಲ್ಲ. ಕೊನೆಗೆ ಮೈಕಿನಲ್ಲಿ ‘ಅನ್‌ಸೋಲ್ಡ್’ ಎಂದು ಕೂಗಿಸಿಕೊಂಡು ಮನೆಗೆ ಹೋಗುತ್ತಾನೆ.

ಟೆನಿಸ್ ಚೆಂಡು ಯಾವ ಆಟದಿಂದ ಬಂತೋ ಆ ಆಟದವರು ಏನು ಮಾಡಿದ್ದಾರೆ ನೋಡೋಣ. ಅಮೆರಿಕದ ಟೆನಿಸ್ ಸಂಸ್ಥೆ ಹವ್ಯಾಸಿಗಳಿಗಾಗಿ ನಡೆಸುವ ಲೀಗಿನಲ್ಲಿ ಆಟಗಾರರಿಗೆ 1.5ರಿಂದ 7.0ರವರೆಗೆ ಅರ್ಧರ್ಧ ಅಂಕದ ಮೆಟ್ಟಿಲುಗಳಿವೆ. ಹೊಸಬ ತನ್ನ ಮಟ್ಟವನ್ನು ತಾನೇ ಬರೆದುಕೊಳ್ಳುತ್ತಾನೆ. ಆಮೇಲೆ ಅವನ ಪಂದ್ಯಗಳ ಫಲಿತಾಂಶದಿಂದ ಲೆಕ್ಕ ನಡೆಯುತ್ತದೆ. ಮಟ್ಟ ಕಡಿಮೆ ಬರೆದುಕೊಂಡು ಸುಲಭವಾಗಿ ಗೆಲ್ಲುವ ಜಾಣರು ಅಲ್ಲೂ ಇದ್ದಾರೆ. ಲೆಕ್ಕ ಮೂರು ಸಲ ಮಿತಿ ಮೀರಿದರೆ ಆ ಮಟ್ಟದಿಂದ ಅನರ್ಹರಾಗುತ್ತಾರೆ. ಮಟ್ಟ ಒಪ್ಪಿಗೆಯಾಗದಿದ್ದರೆ ಮೇಲ್ಮನವಿ ಸಲ್ಲಿಸಬಹುದು. ಆಟವನ್ನೇ ಕುಗ್ಗಿಸುವಂಥ ಗಾಯವಾಗಿದ್ದರೆ ಅದಕ್ಕೂ ಪ್ರತ್ಯೇಕ ಮನವಿಯಿದೆ. ಜಗಳ ಅಲ್ಲೂ ಇದೆ. ಆದರೆ ಜಗಳಕ್ಕೊಂದು ಬಾಗಿಲಿದೆ.

ಚೆಸ್‌ನಲ್ಲಿ ಇನ್ನೂ ದೊಡ್ಡ ಉದಾಹರಣೆಯಿದೆ. ಭೌತಶಾಸ್ತ್ರದ ಪ್ರಾಧ್ಯಾಪಕ ಆರ್ಪಾಡ್ ಎಲೋ ರೂಪಿಸಿದ ರೇಟಿಂಗ್ ಪದ್ಧತಿಯನ್ನು ವಿಶ್ವ ಚೆಸ್ ಸಂಸ್ಥೆ ಫಿಡೆ 1970ರಲ್ಲಿ ಒಪ್ಪಿಕೊಂಡಿತು. ದುರ್ಬಲನನ್ನು ಸೋಲಿಸಿದರೆ ಅಂಕ ಕಡಿಮೆ, ಬಲಶಾಲಿಯನ್ನು ಸೋಲಿಸಿದರೆ ಹೆಚ್ಚು. ಯಾರ ಮಗ ಎಂದು ಆ ಸೂತ್ರ ಕೇಳುವುದಿಲ್ಲ. ಆದರೂ ಕೆಳಗಿನ ಆಟಗಾರರ ರೇಟಿಂಗ್ ನಿಜವಾದ ಶಕ್ತಿಗಿಂತ ಕುಗ್ಗಿದೆ ಎಂದು ಕಂಡಾಗ, 2024ರ ಮಾರ್ಚ್ 1ರಂದು ಫಿಡೆ 2000ಕ್ಕಿಂತ ಕೆಳಗಿದ್ದವರೆಲ್ಲರ ಅಂಕವನ್ನು ಒಮ್ಮೆಗೇ ಏರಿಸಿತು. 1000 ಇದ್ದವರು 1400ಕ್ಕೆ, 1500 ಇದ್ದವರು 1700ಕ್ಕೆ ಬಂದರು. ಗಣಿತದ ಅಳತೆಗೋಲೇ ತನ್ನನ್ನು ತಿದ್ದಿಕೊಳ್ಳುವುದಾದರೆ, ನಾಲ್ಕು ಜನರ ನೆನಪು ಅಂತಿಮವಾಗುವುದು ಹೇಗೆ?

ಅಷ್ಟು ದೂರ ಹೋಗುವುದೂ ಬೇಡ. ಈ ನಾಲ್ಕು ತಾಲ್ಲೂಕುಗಳು ಸೇರಿಯೇ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಇಲ್ಲಿ ಎಸ್ಸೆಸ್ಸೆಲ್ಸಿ ಬರೆದ ಹುಡುಗಿ ಅಂಕ ಕಡಿಮೆ ಬಂತು ಅನ್ನಿಸಿದರೆ ಶುಲ್ಕ ಕಟ್ಟಿ ಉತ್ತರ ಪತ್ರಿಕೆಯ ಪ್ರತಿ ತರಿಸಿಕೊಳ್ಳುತ್ತಾಳೆ, ಮರುಮೌಲ್ಯಮಾಪನಕ್ಕೆ ಹಾಕುತ್ತಾಳೆ. ಯಾರೂ ಅವಳನ್ನು ಜಗಳಗಂಟಿ ಎನ್ನುವುದಿಲ್ಲ. ಅದೇ ಶಾಲೆಯ ಮೈದಾನದಲ್ಲಿ ಅವಳ ಅಣ್ಣ ‘ನನಗೆ ಸಿ ಯಾಕೆ ಕೊಟ್ರಿ ಸಾರ್?’ ಎಂದರೆ ‘ಬಾಳ ಮಾತಾಡ್ತಾನೆ, ಮುಂದಿನ ವರ್ಷ ಹೆಸರು ತಗೋಬೇಡಿ’ ಅನ್ನುತ್ತಾರೆ.

‘ಇದೆಲ್ಲ ಖುಷಿಗೆ ಆಡೋದು, ಇಷ್ಟು ದೊಡ್ಡದು ಮಾಡಬೇಕಾ?’ ಎಂದು ಕೇಳುವವರಿದ್ದಾರೆ. ಖುಷಿಗೆ ಎನ್ನುವವರು ಬಹುಮಟ್ಟಿಗೆ ಎ ದರ್ಜೆಯವರು ಅಥವಾ ಕೂಗುವ ಮಾಲೀಕರು. ವಸಂತನರಸಾಪುರದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ, ನಿದ್ದೆಗೆಟ್ಟು, ಒಂದು ದಿನದ ಕೂಲಿ ಬಿಟ್ಟು ಬೌಲಿಂಗ್ ಮಾಡಲು ಬರುವವನಿಗೆ ಆ ಮೈದಾನ ಮುಖ್ಯ. ಊರಿನಲ್ಲಿ ಅವನಿಗೆ ಹುಟ್ಟಿದಾಗಲೇ ಒಂದು ದರ್ಜೆ ಸಿಕ್ಕಿದೆ. ಅದನ್ನು ಅವನು ಕೇಳಿ ಪಡೆದಿಲ್ಲ, ಅದಕ್ಕೆ ಯಾವ ಮೇಲ್ಮನವಿಯೂ ಇರಲಿಲ್ಲ. ಚೆಂಡು ಕೈಗೆ ಬಂದ ಕಡೆಯಾದರೂ ಕೈಯ ಲೆಕ್ಕ ನಡೆಯಲಿ ಎಂದು ಅವನು ಬರುತ್ತಾನೆ. ಅಲ್ಲೂ ಕೇರಿ ನೋಡಿ ಅಕ್ಷರ ಹಂಚಿದರೆ ನಾವು ನಡೆಸುತ್ತಿರುವುದು ಹಳೆಯ ಪಂಕ್ತಿಯನ್ನೇ, ಹೊಸ ಜರ್ಸಿ ತೊಡಿಸಿ.

‘ಮನವಿ ಕೇಳುತ್ತ ಕೂತರೆ ಟೂರ್ನಮೆಂಟ್ ಮುಗಿದ ಹಾಗೇ’ ಎನ್ನುವ ಮಾತೂ ಇದೆ. ಮುಗಿಯುವುದಿಲ್ಲ. ಪಟ್ಟಿಯನ್ನು ಹರಾಜಿಗೆ ಒಂದು ವಾರ ಮೊದಲು ವಾಟ್ಸ್ಯಾಪ್ ಗುಂಪಿಗೆ ಹಾಕಿ. ಪ್ರತಿ ಹೆಸರಿನ ಮುಂದೆ ಹಿಂದಿನ ವರ್ಷದ ಪಂದ್ಯ, ರನ್, ವಿಕೆಟ್ ಬರೆಯಿರಿ; ಈಗ ಕ್ರಿಕ್‌ಹೀರೋಸ್‌ನಂಥ ಆ್ಯಪ್‌ನಲ್ಲಿ ಒಂದೊಂದು ಚೆಂಡಿನ ಲೆಕ್ಕವೂ ಉಳಿಯುತ್ತದೆ. ಲೆಕ್ಕವಿಲ್ಲದ ಹೊಸಬನನ್ನು ಸಿ ಎಂದು ಬರೆಯಬೇಡಿ, ‘ಹೊಸಬ’ ಎಂದೇ ಬರೆಯಿರಿ. ಆಕ್ಷೇಪಣೆಗೆ ಮೂರು ದಿನ ಕೊಡಿ. ಮೇಲೇರಿಸಿ ಎಂದು ಕೇಳಲೂ ಕೆಳಗಿಳಿಸಿ ಎಂದು ಕೇಳಲೂ ಅವಕಾಶವಿರಲಿ. ಕೇಳುವ ಮೂವರಲ್ಲಿ ಮಾಲೀಕರು ಬೇಡ; ಒಬ್ಬರಾದರೂ ಪಕ್ಕದ ತಾಲ್ಲೂಕಿನವರಿರಲಿ. ಶಿರಾದ ಪಟ್ಟಿಗೆ ಪಾವಗಡದವರು, ಕೊರಟಗೆರೆಯದಕ್ಕೆ ಮಧುಗಿರಿಯವರು. ತೀರ್ಪನ್ನು ಕಾರಣದ ಸಮೇತ ಒಂದೆರಡು ಸಾಲಿನಲ್ಲಿ ಬರೆದು ಕೊಡಲಿ. ಶಾಮಿಯಾನ, ಟ್ರೋಫಿ, ಡಿಜೆಗೆ ಹಣ ಹೊಂದಿಸುವವರಿಗೆ ಇಷ್ಟು ಹೊಂದಿಸಲು ಒಂದು ಪೈಸೆಯೂ ಬೇಕಿಲ್ಲ.

ಸೋತ ಆಟಗಾರ ಸೋಲನ್ನು ಒಪ್ಪಿಕೊಳ್ಳುತ್ತಾನೆ, ಏಕೆಂದರೆ ಯಾರ ಚೆಂಡಿಗೆ ಔಟಾದೆ ಎಂದು ಅವನು ಕಣ್ಣಾರೆ ಕಂಡಿರುತ್ತಾನೆ. ಸಿ ದರ್ಜೆಯನ್ನೂ ಒಪ್ಪಿಕೊಂಡಾನು. ಯಾವ ಚೆಂಡಿಗೆ ಎಂದು ತೋರಿಸುವುದು ದರ್ಜೆ ಕೊಟ್ಟವರ ಕೆಲಸ.