ದೀನರ ಧನ: ಮಾನ್ಯಖೇಟದಿಂದ ಮಳಖೇಡದವರೆಗೆ

ಕ್ರಿ.ಶ. 972ರಲ್ಲಿ ಮಾಳವದ ಪರಮಾರ ದೊರೆ ಸೀಯಕನು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವನ್ನು ಸೂರೆಗೈದು ಸುಟ್ಟನು. ಅಪಭ್ರಂಶದ ಮಹಾಕವಿ ಪುಷ್ಪದಂತನ ಮಹಾಪುರಾಣದ ಹಸ್ತಪ್ರತಿಗಳಲ್ಲಿ ದೊರೆಯುವ ಒಂದು ಸಂಸ್ಕೃತ ಪದ್ಯ ಈ ದುರಂತಕ್ಕಾಗಿ ಮರುಗುತ್ತದೆ. ಬೆಂದ ನಗರವನ್ನು ನೆನೆಯುವ ಕವಿ ಅದರ ಬಳ್ಳಿವನಗಳನ್ನೂ ಜನಸಮೃದ್ಧಿಯನ್ನೂ ಚೆಲುವನ್ನೂ ಹೇಳುತ್ತಾನೆ. ಆದರೆ ಎಲ್ಲಕ್ಕಿಂತ ಮೊದಲು ಹೇಳುವುದು, ಆ ಪಟ್ಟಣವು ದೀನರ, ಅನಾಥರ ಧನವಾಗಿತ್ತೆಂಬುದನ್ನು. ಇದು ಬರಿಯ ಅಲಂಕಾರವಲ್ಲ. ಪುಷ್ಪದಂತನು ಸ್ವತಃ ಅರಸರ ಆಶ್ರಯಕ್ಕೆ ಬೇಸತ್ತು, ಬಳಲಿ ಆ ಊರಿಗೆ ಬಂದವನು. ಮಂತ್ರಿ ಭರತನು ಕರೆದು ನೆರಳು ಕೊಟ್ಟುದರಿಂದ ಕಾವ್ಯ ಬರೆದವನು.

ಅದಕ್ಕೂ ಒಂದು ಶತಮಾನ ಹಿಂದೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು ಪರರ ವಿಚಾರವನ್ನೂ ಧರ್ಮವನ್ನೂ ಸಹಿಸುವ ಗುಣವನ್ನೇ ನಿಜವಾದ ಬಂಗಾರವೆಂದು ಎಣಿಸಿತ್ತು. ಹೀಗೆ ಒಂದೇ ಊರಿನ ಸಾಹಿತ್ಯ ಸಂಪತ್ತಿಗೆ ಎರಡು ಅರ್ಥಗಳನ್ನು ಕೊಟ್ಟಿದೆ. ಒಂದು, ಸಹಬಾಳ್ವೆ, ಇನ್ನೊಂದು, ಬಡವರಿಗೆ ದಕ್ಕುವ ಸಿರಿ. ಮೊದಲನೆಯದನ್ನು ನಾವು ವೇದಿಕೆಗಳಲ್ಲಿ ಮತ್ತೆ ಮತ್ತೆ ಉದ್ಧರಿಸುತ್ತೇವೆ. ಎರಡನೆಯದನ್ನು ಮರೆತಿದ್ದೇವೆ.

ಪ್ರಾಚೀನ ಕಾಲವನ್ನು ಸ್ವರ್ಗವೆಂದು ಭಾವಿಸಬೇಕಾಗಿಲ್ಲ. ಆಗಿನ ವ್ಯವಸ್ಥೆ ನಿಂತಿದ್ದುದು ದಾನದ ಮೇಲೆ, ಮತ್ತು ದಾನ ಕೊಡುವವನ ಮನಸ್ಸಿಗೆ ಬಿಟ್ಟದ್ದು. ಕೊಡುವ ಭರತನೊಬ್ಬನು ಸಿಕ್ಕದಿದ್ದರೆ ಪುಷ್ಪದಂತನ ಗತಿ ಏನಾಗುತ್ತಿತ್ತು? ದಾನದಲ್ಲಿ ಹಂಗಿದೆ; ಪಾಲಿನಲ್ಲಿ ಹಂಗಿಲ್ಲ. ಪ್ರಜಾಪ್ರಭುತ್ವವು ತಂದ ಬದಲಾವಣೆಯ ತಿರುಳು ಇದೇ ಎಂದು ನನ್ನ ತಿಳಿವಳಿಕೆ.

ಇಂದು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಸೀಮೆಯ ಸಿರಿ ನೆಲದೊಳಗಿದೆ. ಇಲ್ಲಿನ ಸುಣ್ಣಕಲ್ಲು ಸಿಮೆಂಟಾಗಿ, ಫರಸಿಯಾಗಿ ದೇಶದ ಎಷ್ಟೋ ಪಟ್ಟಣಗಳ ಮನೆಗಳನ್ನು ಕಟ್ಟಿದೆ. ಮಾನ್ಯಖೇಟವಿದ್ದ ಮಳಖೇಡದಲ್ಲಿಯೂ ಸಿಮೆಂಟ್ ಕಾರ್ಖಾನೆಯಿದೆ. ಹೀಗಿದ್ದೂ ಪ್ರಾದೇಶಿಕ ಅಸಮಾನತೆಯನ್ನು ಪರಿಶೀಲಿಸಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿ ಸೇಡಂ, ಚಿತ್ತಾಪುರ, ಚಿಂಚೋಳಿ ಮೂರನ್ನೂ ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿಯಲ್ಲಿ ಸೇರಿಸಿತು. ರಾಜ್ಯದ ಅಂತಹ 39 ತಾಲೂಕುಗಳಲ್ಲಿ 21 ಗುಲಬರ್ಗಾ ವಿಭಾಗದಲ್ಲಿದ್ದವು. ತೊಗರಿಯ ರಾಶಿ ಮುಗಿಯುತ್ತಲೇ ಊರುಗಳಿಂದ, ತಾಂಡಾಗಳಿಂದ ಜನ ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೊರಡುತ್ತಾರೆ. ತಮ್ಮ ನೆಲದ ಕಲ್ಲು ಸಿಮೆಂಟಾಗಿ ಹೋದ ನಗರಕ್ಕೆ ಅದನ್ನು ಕಲಸಲು ತಾವೂ ಹೋಗುತ್ತಾರೆ. 2020ರ ಲಾಕ್‌ಡೌನಿನಲ್ಲಿ ಆ ನಗರಗಳು ಅವರಿಗೆ ತಿಂಗಳೊಪ್ಪತ್ತು ಅನ್ನವಿಡಲಾರದೆ ಹೋದುದನ್ನು ನಾವೆಲ್ಲ ಕಂಡೆವು.

ರಾಜಕಾರಣವು ಇಂದಿಗೂ ಬಡವರೊಡನೆ ದಾನದ ಭಾಷೆಯಲ್ಲಿಯೇ ಮಾತಾಡುತ್ತಿದೆ. ಯೋಜನೆಗಳ ಹೆಸರಿನಲ್ಲಿ ‘ಭಾಗ್ಯ’, ನಾಯಕರ ಭಾಷಣದಲ್ಲಿ ‘ಕೊಡುಗೆ’. ಸಂವಿಧಾನದ 98ನೆಯ ತಿದ್ದುಪಡಿಯಿಂದ ಬಂದ 371(ಜೆ) ವಿಧಿ ಹಕ್ಕಿನ ಭಾಷೆಯನ್ನು ತಂದಿತು, ನಿಜ. ನಮ್ಮ ವಿದ್ಯಾರ್ಥಿಗಳಿಗೆ ಅದರಿಂದ ಸೀಟುಗಳೂ ನೌಕರಿಗಳೂ ದೊರೆತಿವೆ. ಆದರೆ ಶಾಲೆಯನ್ನು ನಡುವೆಯೇ ಬಿಟ್ಟು ತಂದೆತಾಯಿಯರೊಡನೆ ಗುಳೆ ಹೋದ ಮಗು ಆ ಮೀಸಲಾತಿಯ ಬಾಗಿಲವರೆಗೂ ಬರಲಾರದು.

ಆ ಮಗುವಿಗೆ ಸಲ್ಲಬೇಕಾದ ಇನ್ನೊಂದು ಹಣವಿದೆ. 2015ರಲ್ಲಿ ಗಣಿ ಕಾಯ್ದೆಗೆ ತಂದ ತಿದ್ದುಪಡಿಯಂತೆ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಸ್ಥಾಪನೆಯಾದವು. ಗಣಿ ಗುತ್ತಿಗೆದಾರರು ರಾಯಧನದ ಜೊತೆಗೆ, ಹಳೆಯ ಗುತ್ತಿಗೆಯಾದರೆ ಅದರ ಶೇ. 30ರಷ್ಟನ್ನು, ಹೊಸದಾದರೆ ಶೇ. 10ರಷ್ಟನ್ನು, ಈ ನಿಧಿಗೆ ಕಟ್ಟಬೇಕು. ಗಣಿಯಿಂದ ಬಾಧಿತರಾದ ಜನರ ಕುಡಿಯುವ ನೀರು, ಆರೋಗ್ಯ, ಶಿಕ್ಷಣಕ್ಕೆ ಅದು ವ್ಯಯವಾಗಬೇಕು. ಇದು ಯಾರ ಕೊಡುಗೆಯೂ ಅಲ್ಲ. ಅಗೆದ ನೆಲದ ಪಾಲು. ಗುಳೆ ಹೋದವರ ಮಕ್ಕಳು ಊರಿನಲ್ಲಿಯೇ ಉಳಿದು ಓದಲು ವಸತಿಶಾಲೆಗಳನ್ನು ಕಟ್ಟುವುದಕ್ಕಿಂತ ಈ ಪಾಲಿಗೆ ಒಳ್ಳೆಯ ವಿನಿಯೋಗ ನನಗೆ ಹೊಳೆಯದು. ಆದರೆ ತನಗೆ ಪಾಲಿದೆ ಎಂಬುದೇ ತಿಳಿಯದವನು ಅದನ್ನು ಕೇಳುವುದು ಹೇಗೆ?

ಇಲ್ಲಿ ಶಾಸನಗಳನ್ನು ಓದುವವರು ಹೇಳಬಹುದಾದ ಮಾತೊಂದಿದೆ. ಸೇಡಂ, ಆಡಕಿಗಳಲ್ಲಿ ಜೈನ ಶಾಸನಗಳಿವೆ. 12ನೆಯ ಶತಮಾನದ ಸೇಡಂ ಶಾಸನವು ಊರಿನ ಮುನ್ನೂರು ಮಹಾಜನರು ಶಾಂತಿನಾಥನ ಬಸದಿಯನ್ನು ಕಟ್ಟಿಸಿದುದನ್ನು ತಿಳಿಸುತ್ತದೆ. ಇಂತಹ ದಾನಶಾಸನಗಳನ್ನು ನಾವು ಭಕ್ತಿಯ ದಾಖಲೆಗಳೆಂದು ಓದಿದ್ದೇವೆ. ಅವು ಲೆಕ್ಕಪತ್ರಗಳೂ ಹೌದು. ಕೊಟ್ಟವರಾರು, ಪಡೆದವರಾರು, ಭೂಮಿಯೆಷ್ಟು, ಎಲ್ಲೆ ಯಾವುದು, ಹುಟ್ಟುವಳಿ ಯಾವ ಕಾರ್ಯಕ್ಕೆ ಸಲ್ಲಬೇಕು ಎಂಬುದನ್ನು ಹತ್ತು ಜನ ಕಾಣುವೆಡೆ ಕಲ್ಲಿನಲ್ಲಿ ಕೆತ್ತಿ ನಿಲ್ಲಿಸುತ್ತಿದ್ದರು. ಅಳಿದವನಿಗೆ ಶಾಪವನ್ನೂ ಬರೆಯುತ್ತಿದ್ದರು. ಖನಿಜ ನಿಧಿಯಿಂದ ಊರಿಗೆ ಬಂದುದೆಷ್ಟು, ವೆಚ್ಚವಾದುದು ಯಾವುದಕ್ಕೆ ಎಂಬುದನ್ನು ಪ್ರತಿ ಗ್ರಾಮ ಪಂಚಾಯತಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆಸಬೇಕು, ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಬೇಕು. ಶಾಪದ ಅಗತ್ಯವಿಲ್ಲ, ಓದಬಲ್ಲ ಜನರಿದ್ದರೆ ಸಾಕು. ಈ ಬೇಡಿಕೆಯನ್ನು ಮುಂದಿಡುವುದು ಇಲ್ಲಿನ ಕಾಲೇಜುಗಳಲ್ಲಿ ಶಾಸನವನ್ನು ಕಲಿಯುವ, ಕಲಿಸುವ ನಮ್ಮ ಕೆಲಸವೂ ಆಗಿದೆ.