ಹಾಡಬಹುದು, ಸುದ್ದಿ ಹೇಳಬಾರದು

ನಮ್ಮ ಮಂಡ್ಯ ಜಿಲ್ಲೆಯ ಮಳವಳ್ಳಿಯಲ್ಲಿ ನಾಳೆ ಒಂದು ಸಮುದಾಯ ರೇಡಿಯೊ ಶುರುವಾಯಿತು ಎಂದುಕೊಳ್ಳಿ. ವಿಶ್ವೇಶ್ವರಯ್ಯ ನಾಲೆಗೆ ಇಂಥ ತಾರೀಖಿನಿಂದ ಕಟ್ಟು ಪದ್ಧತಿಯಲ್ಲಿ ನೀರು ಬಿಡುತ್ತೇವೆ ಎಂಬ ಅಧಿಕಾರಿಗಳ ಪ್ರಕಟಣೆಯನ್ನು ಅದು ಧಾರಾಳವಾಗಿ ಓದಬಹುದು. ತಾರೀಖು ಬಂತು, ನೀರು ಮಾತ್ರ ಕೊನೆ ಭಾಗದ ತೂಬಿಗೆ ಇಳಿಯಲಿಲ್ಲ. ಭತ್ತದ ಒಟ್ಲು ಬಿಟ್ಟವರು ಕಂಗಾಲಾಗಿ ಎಂಜಿನಿಯರ್ ಕಚೇರಿ ಮುಂದೆ ಧರಣಿ ಕೂತರು. ಇದನ್ನು ಆ ರೇಡಿಯೊ ಹೇಳುವಂತಿಲ್ಲ. ಸರ್ಕಾರ ಕೊಟ್ಟ ಮಾತು ಮಾಹಿತಿ, ತಪ್ಪಿದ ಮಾತು ಸುದ್ದಿ. ಸುದ್ದಿ ಬಿತ್ತರಿಸಿದರೆ ಪರವಾನಗಿಗೇ ಕುತ್ತು.

ಸಮುದಾಯ ರೇಡಿಯೊಗಳಿಗೆಂದು ಕೇಂದ್ರ ಸರ್ಕಾರ 2006ರಲ್ಲಿ ಹೊರಡಿಸಿದ ಮಾರ್ಗಸೂಚಿ ಸುದ್ದಿ, ಪ್ರಚಲಿತ ವಿದ್ಯಮಾನ ಮತ್ತು ರಾಜಕೀಯ ಸ್ವರೂಪದ ಕಾರ್ಯಕ್ರಮಗಳನ್ನು ನಿಷೇಧಿಸಿತು. ಖಾಸಗಿ ಎಫ್‌ಎಂಗಳ ಪಾಡೂ ಅದೇ. ಆಮೇಲೆ ಕೊಟ್ಟ ಸಡಿಲಿಕೆ ಇಷ್ಟು: ಆಕಾಶವಾಣಿಯ ವಾರ್ತೆಯನ್ನು ತಿರುಚದೆ ಮರುಪ್ರಸಾರ ಮಾಡಬಹುದು. ಖಾಸಗಿ ಎಫ್‌ಎಂ ನೀತಿಯಲ್ಲಿ ಹವಾಮಾನ, ವಾಹನ ಸಂಚಾರ, ಪರೀಕ್ಷೆ, ಕ್ರೀಡೆ, ಸ್ಥಳೀಯ ಆಡಳಿತದ ಪ್ರಕಟಣೆಗಳನ್ನು ಸುದ್ದಿಯಲ್ಲದ ಪಟ್ಟಿಗೆ ಸೇರಿಸಿ ಉದಾರತೆ ಮೆರೆದರು. ಪಟ್ಟಿಯ ಮರ್ಮ ಸರಳ. ಆಡಳಿತ ಬಾಯಿ ತೆರೆಯಬಹುದು, ಆಡಳಿತದ ಬಗ್ಗೆ ಯಾರೂ ಬಾಯಿ ತೆರೆಯಬಾರದು.

ಮಂಟೇಸ್ವಾಮಿ, ಮಾದಪ್ಪನ ಕಥೆಗಳನ್ನು ಕ್ಯಾಸೆಟ್‌ಗಳಲ್ಲಿ ನಾಡಿನ ಮನೆಮನೆಗೆ ಮುಟ್ಟಿಸಿದ ಮಳವಳ್ಳಿ ಮಹದೇವಸ್ವಾಮಿಯವರ ಸೀಮೆ ಇದು. ಬೊಪ್ಪೇಗೌಡನಪುರದ ಮಂಟೇಸ್ವಾಮಿ ಮಠ ಇರುವುದೂ ಇದೇ ತಾಲ್ಲೂಕಿನಲ್ಲಿ. ಆ ಕಥೆಯನ್ನು ಬೆಳಗಿನ ಜಾವದವರೆಗೂ ರೇಡಿಯೊದಲ್ಲಿ ಹಾಡಿಸಬಹುದು. ಜಾತ್ರೆಗೆ ಬಂದ ಭಕ್ತರಿಗೆ ಕುಡಿಯುವ ನೀರು ಕೊಡಲು ಪಂಚಾಯಿತಿ ಏನು ಮಾಡಿತು ಎಂದು ಕೇಳಿದರೆ ಅದು ನಿಯಮದ ಉಲ್ಲಂಘನೆ.

ಈ ನಿಯಮದ ವಿಚಿತ್ರ ಅರಿವಾಗಬೇಕಾದರೆ ನಮ್ಮ ಪಕ್ಕದ ಮೈಸೂರಿನ ಚರಿತ್ರೆಯನ್ನೇ ನೋಡಬೇಕು. ಡಾ. ಎಂ.ವಿ. ಗೋಪಾಲಸ್ವಾಮಿ ಮನಃಶಾಸ್ತ್ರದ ಪ್ರಾಧ್ಯಾಪಕರು, ಲಂಡನ್ನಿನಲ್ಲಿ ಕಲಿತು ಬಂದು ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು. 1935ರ ಸೆಪ್ಟೆಂಬರ್ 10ರಂದು ಅವರು ಒಂಟಿಕೊಪ್ಪಲಿನ ತಮ್ಮ ಮನೆಯಿಂದಲೇ 30 ವಾಟ್‌ನ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಪ್ರಸಾರ ಆರಂಭಿಸಿದರು. ದೇಶದ ಸರ್ಕಾರಿ ರೇಡಿಯೊಗೆ ‘ಆಲ್ ಇಂಡಿಯಾ ರೇಡಿಯೊ’ ಎಂಬ ಹೆಸರು ಬಂದದ್ದು ಮರುವರ್ಷದ ಜೂನ್‌ನಲ್ಲಿ. ಸಂಗೀತ, ಭಾಷಣ, ನಾಟಕ ಎಲ್ಲವೂ ಪ್ರಾಧ್ಯಾಪಕರ ಮನೆಯಿಂದ ಊರಿಗೆ ಹರಿದವು. ಖರ್ಚು ಬಹುಪಾಲು ಅವರದೇ. ಅವರಿಗೆ ಹೆಗಲು ಕೊಟ್ಟವರು ನಾ. ಕಸ್ತೂರಿ. ಕೇರಳದಲ್ಲಿ ಹುಟ್ಟಿ ಕನ್ನಡಿಗರನ್ನು ನಗಿಸಿದ ಈ ಲೇಖಕರಿಗೇ ‘ಆಕಾಶವಾಣಿ’ ಎಂಬ ಹೆಸರಿನ ಹಿರಿಮೆಯನ್ನು ಮೈಸೂರು ಇಂದಿಗೂ ಕೊಡುತ್ತದೆ. ಆ ಹೆಸರು ಮುಂದೆ ಇಡೀ ದೇಶದ ರೇಡಿಯೊಗೆ ಅಂಟಿಕೊಂಡಿತು.

ಹೆಸರು ದೆಹಲಿಗೆ ಹೋಯಿತು, ನಿಲಯವೂ ಉಳಿಯಲಿಲ್ಲ. ಮೊದಲು ಅದು ಸಂಸ್ಥಾನದ ಸುಪರ್ದಿಗೆ ಹೋಯಿತು. 1950ರ ಏಪ್ರಿಲ್‌ನಲ್ಲಿ ಕೇಂದ್ರದ ರೇಡಿಯೊದಲ್ಲಿ ವಿಲೀನವಾಯಿತು. 1955ರ ನವೆಂಬರ್‌ನಲ್ಲಿ ಬೆಂಗಳೂರಿಗೆ ಸ್ಥಳಾಂತರವಾಯಿತು. ದೇಶಕ್ಕೆ ಹೆಸರು ಕೊಟ್ಟ ಊರು ತನ್ನದೇ ನಿಲಯಕ್ಕಾಗಿ 1974ರವರೆಗೆ ಕಾಯಬೇಕಾಯಿತು. ಊರಿನ ದನಿ ಒಮ್ಮೆ ರಾಜಧಾನಿಯ ಕೈಗೆ ಸಿಕ್ಕರೆ ಅದನ್ನು ಬಿಡಿಸಿಕೊಂಡು ಬರಲು ಎಷ್ಟು ಕಾಲ ಬೇಕು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಇವತ್ತಿನ ಸಮುದಾಯ ರೇಡಿಯೊಗೆ ಸಾಮಾನ್ಯವಾಗಿ ಇರುವ ಮಿತಿ 100 ವಾಟ್. ಗೋಪಾಲಸ್ವಾಮಿಯವರ ಯಂತ್ರಕ್ಕೂ ಇದಕ್ಕೂ ಭಾರಿ ಅಂತರವೇನೂ ಇಲ್ಲ. ಆಳುವವರಿಗೆ ಪ್ರಜೆಗಳ ಮೇಲಿರುವ ನಂಬಿಕೆ ಮಾತ್ರ ತೊಂಬತ್ತು ವರ್ಷಗಳಲ್ಲಿ ಕುಗ್ಗಿದೆ.

ಕಾನೂನಾದರೂ ಸರ್ಕಾರದ ಕಡೆ ಇದೆಯೇ? ಪಶ್ಚಿಮ ಬಂಗಾಳದ ಕ್ರಿಕೆಟ್ ಸಂಸ್ಥೆಯ ಪ್ರಕರಣದಲ್ಲಿ 1995ರ ಫೆಬ್ರುವರಿಯಲ್ಲಿ ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್, ವಾಯುತರಂಗಗಳು ಸಾರ್ವಜನಿಕರ ಸ್ವತ್ತು ಎಂದು ಸಾರಿತು. ಆ ಬಲದಿಂದಲೇ 1996ರಲ್ಲಿ ಬೆಂಗಳೂರಿನಲ್ಲಿ ಸೇರಿದ ಮಾಧ್ಯಮ ಕಾರ್ಯಕರ್ತರು ಸಮುದಾಯ ರೇಡಿಯೊಗೆ ಹಕ್ಕೊತ್ತಾಯ ಮಂಡಿಸಿದರು. ಕೋಲಾರ ಜಿಲ್ಲೆಯ ಬೂದಿಕೋಟೆಯ ಜನ ಕಾಯುತ್ತ ಕೂರಲಿಲ್ಲ. ಗಾಳಿಯಲ್ಲಿ ಪ್ರಸಾರ ಮಾಡಲು ಪರವಾನಗಿ ಇಲ್ಲದಿದ್ದರೆ ಕೇಬಲ್ ಇದೆಯಲ್ಲ ಎಂದು 2001ರ ಸುಮಾರಿಗೆ ‘ನಮ್ಮ ಧ್ವನಿ’ ಕಟ್ಟಿದರು, ತಂತಿಯ ಮೇಲೆ ಮನೆಗಳಿಗೆ ಮಾತು ಕಳಿಸಿದರು. ನೆಲ ಅಗೆದು ತಂತಿ ಎಳೆದರೆ ಮಾತಾಡಬಹುದು, ಸಾರ್ವಜನಿಕರ ಸ್ವತ್ತಾದ ಗಾಳಿಯಲ್ಲಿ ಮಾತ್ರ ಮಾತಾಡಬಾರದು!

ಸುದ್ದಿ ಬೇಡ ಎನ್ನುವುದಕ್ಕೆ ಸರ್ಕಾರ ಮುಂದಿಡುವ ಕಾರಣ ಭದ್ರತೆ. ನೂರಾರು ಸಣ್ಣ ನಿಲಯಗಳನ್ನು ಯಾರು ಕಾಯುತ್ತಾರೆ, ಗಲಭೆ ಎಬ್ಬಿಸಿದರೆ ಏನು ಗತಿ ಎಂಬ ಆತಂಕ. ಮಂಡ್ಯದವರು ಈ ಆತಂಕವನ್ನು ತಳ್ಳಿಹಾಕುವಂತಿಲ್ಲ. ಕಾವೇರಿ ಹೆಸರಲ್ಲಿ 1991ರಲ್ಲಿ ಏನಾಯಿತು ಎಂಬುದು ನಮಗೆ ಗೊತ್ತು. 2016ರ ಸೆಪ್ಟೆಂಬರ್ 12ರಂದು ಬೆಂಗಳೂರಿನಲ್ಲಿ ಬಸ್ ಡಿಪೊ ಹೊತ್ತಿ ಉರಿದಾಗಲೂ ನೋಡಿದೆವು. ಅಂದು ಜನರ ರಕ್ತ ಕುದಿಸಿದ್ದು ಮೊಬೈಲ್‌ನಿಂದ ಮೊಬೈಲ್‌ಗೆ ಹಾರಿದ ಹಲ್ಲೆಯ ವಿಡಿಯೊಗಳು, ಅವನ್ನೇ ಮತ್ತೆ ಮತ್ತೆ ತೋರಿಸಿದ ಟಿವಿ ಪರದೆಗಳು. ಸಮುದಾಯ ರೇಡಿಯೊದ ಪಾತ್ರ ಅದರಲ್ಲಿ ಸೊನ್ನೆ. ಮೊಬೈಲ್‌ಗೆ ಹಂಗಿಲ್ಲ, ಟಿವಿಗೆ ಪರವಾನಗಿ ಇದೆ, ಬಾಯಿ ಕಟ್ಟಿದ್ದು ಮಾತ್ರ ರೇಡಿಯೊಗೆ. ಕಾಯುವವರಿಲ್ಲ ಎಂಬ ನೆಪವೂ ನಿಲ್ಲದು. ತನ್ನ ಪ್ರಸಾರದ ಮುದ್ರಿಕೆಯನ್ನು ಮೂರು ತಿಂಗಳು ಕಾಪಿಡಬೇಕೆಂಬ ಷರತ್ತು ಸಮುದಾಯ ರೇಡಿಯೊಗೆ ಈಗಾಗಲೇ ಇದೆ. ಯಾರು ಏನು ಹೇಳಿದರು ಎಂಬುದಕ್ಕೆ ಪುರಾವೆ ನಿಲಯದಲ್ಲೇ ಇರುತ್ತದೆ. ವಾಟ್ಸ್‌ಆ್ಯಪ್ ಗುಂಪಿಗೆ ಅಂಥ ವಿಳಾಸವೂ ಇಲ್ಲ, ಜವಾಬ್ದಾರಿಯೂ ಇಲ್ಲ.

ಇನ್ನು ಆ ಟಿವಿ ನಮಗೆ ಕೊಟ್ಟದ್ದೇನು? 2019ರ ಲೋಕಸಭಾ ಚುನಾವಣೆಯಲ್ಲಿ ಸುಮಲತಾ, ನಿಖಿಲ್ ಎದುರುಬದುರಾದಾಗ ಕ್ಯಾಮೆರಾಗಳು ಮಂಡ್ಯದಲ್ಲೇ ಬೀಡುಬಿಟ್ಟವು. ಸುಮಲತಾ ಪರ ಪ್ರಚಾರಕ್ಕಿಳಿದ ‘ಜೋಡೆತ್ತು’ ನಟರ ಮೇಲೆ ವಾರಗಟ್ಟಲೆ ಚರ್ಚೆ ನಡೆಯಿತು. 2023ರ ಕೊನೆಯಲ್ಲಿ ಆಲೆಮನೆಯಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದುದು ಬಯಲಾದಾಗ ಟಿವಿಯವರು ಮತ್ತೆ ಬಂದರು. 2024ರ ಜನವರಿಯಲ್ಲಿ ಧ್ವಜ ವಿವಾದ ಎದ್ದಾಗ ಕೆರಗೋಡಿನ ಧ್ವಜಸ್ತಂಭದ ಮುಂದೆ ನಿಂತರು. ಬೆಂಕಿ ಕಂಡಲ್ಲಿ ಬರುವುದು, ಆರಿದ ಮೇಲೆ ಹೊರಡುವುದು ರಾಜಧಾನಿಯ ವಾಹಿನಿಗಳ ರೂಢಿ. ರೇಷ್ಮೆಗೂಡಿನ ದರ ಯಾಕೆ ಕುಸಿಯಿತು, ಕಬ್ಬಿನ ಬಾಕಿ ಯಾರಿಗೆ ಬಂತು ಯಾರಿಗೆ ಬರಲಿಲ್ಲ, ಹಲಗೂರು ಕಡೆ ಆನೆ ತುಳಿದ ಬೆಳೆಗೆ ಪರಿಹಾರ ಎಷ್ಟು ಕೊಟ್ಟರು ಎಂಬುದನ್ನು ವರ್ಷವಿಡೀ ಬೆನ್ನುಹತ್ತಿ ಕೇಳುವವರು ಬೇಕು. ಮೈಸೂರು ಆಕಾಶವಾಣಿ ಈ ಸೀಮೆಯ ರೈತರಿಗೆ ಮಾಡಿರುವ ಉಪಕಾರ ದೊಡ್ಡದು. ಆದರೆ ಹಲವು ಜಿಲ್ಲೆ ಹಂಚಿಕೊಳ್ಳುವ ವಾರ್ತೆಯಲ್ಲಿ ಒಂದು ತಾಲ್ಲೂಕಿಗೆ ಒಂದು ವಾಕ್ಯ ಸಿಕ್ಕರೆ ಪುಣ್ಯ. ಸರ್ಕಾರದ ಸಂಸ್ಥೆಯೇ ಸರ್ಕಾರವನ್ನು ಪ್ರಶ್ನಿಸಲಿ ಎಂದು ಬಯಸುವುದೂ ಹೆಚ್ಚಾಯಿತು.

ಸುದ್ದಿಗೆ ಹೆದರುವ ಸರ್ಕಾರ ನಮ್ಮದೊಂದೇ ಅಲ್ಲ. 1972ರ ನವೆಂಬರ್‌ನಲ್ಲಿ ಐರ್ಲೆಂಡಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಆರ್‌ಟಿಇಯ ಪತ್ರಕರ್ತ ಕೆವಿನ್ ಓಕೆಲಿ ಬಂಡುಕೋರ ಸಂಘಟನೆ ಐಆರ್‌ಎ ಮುಖಂಡನೊಬ್ಬನ ಸಂದರ್ಶನ ಆಧರಿಸಿ ವರದಿ ಪ್ರಸಾರ ಮಾಡಿದರು. ಸಿಟ್ಟಾದ ಸರ್ಕಾರ ಸಂಸ್ಥೆಯ ಆಡಳಿತ ಮಂಡಳಿಯನ್ನೇ ವಜಾ ಮಾಡಿತು. ಮುದ್ರಿಕೆಯಲ್ಲಿರುವ ದನಿ ಯಾರದೆಂದು ನ್ಯಾಯಾಲಯದಲ್ಲಿ ಹೇಳಲು ಒಪ್ಪದ ಓಕೆಲಿ ಜೈಲಿಗೂ ಹೋದರು. ಬಾಂಬು ಸಿಡಿಯುತ್ತಿದ್ದ ದಿನಗಳವು. ಕೆಲವು ಸಂಘಟನೆಗಳ ದನಿಯ ಮೇಲಿನ ನಿರ್ಬಂಧ 1994ರವರೆಗೂ ಮುಂದುವರಿಯಿತು. ಅಂಥ ದೇಶವೂ 1988ರಲ್ಲಿ ಖಾಸಗಿ ಹಾಗೂ ಸ್ಥಳೀಯ ರೇಡಿಯೊಗಳಿಗೆ ಕಾನೂನು ಮಾಡಿದಾಗ ಹಾಕಿದ ಷರತ್ತು ನೋಡಿ: ಪ್ರಸಾರದ ಸಮಯದಲ್ಲಿ ಕನಿಷ್ಠ ಶೇ 20ರಷ್ಟು ಸುದ್ದಿ ಮತ್ತು ಪ್ರಚಲಿತ ವಿದ್ಯಮಾನಕ್ಕೆ ಮೀಸಲಿಡಲೇಬೇಕು! ಬರೀ ಹಾಡು ಹಾಕಿ ದುಡ್ಡು ಮಾಡಿಕೊಂಡರೆ ಪರವಾನಗಿಯ ಋಣ ತೀರದು ಎಂಬ ವಿವೇಕ ಅದು. ಅಲ್ಲಿ ಸುದ್ದಿ ಹೇಳದಿದ್ದರೆ ತಪ್ಪು, ಇಲ್ಲಿ ಹೇಳಿದರೆ ತಪ್ಪು.

ಸ್ಥಳೀಯ ರೇಡಿಯೊಗೆ ಸುದ್ದಿಯ ಹಕ್ಕು ಕೊಟ್ಟರೆ ಅದು ಊರ ಪುಢಾರಿಗಳ ತುತ್ತೂರಿಯಾಗುತ್ತದೆ ಎನ್ನುವವರಿದ್ದಾರೆ. ಈ ಭಯಕ್ಕೆ ಆಧಾರವಿದೆ. ಮಂಡ್ಯದಲ್ಲಿ ಜಾತಿ, ಪಕ್ಷ, ಗುತ್ತಿಗೆ ಮೂರೂ ಹೆಣೆದುಕೊಂಡಿವೆ. ಆದರೆ ಸಮುದಾಯ ರೇಡಿಯೊ ನಡೆಸುವ ಹಕ್ಕು ಲಾಭದ ಉದ್ದೇಶವಿಲ್ಲದ ಸಂಸ್ಥೆಗಳಿಗಷ್ಟೇ ಇದೆ, ರಾಜಕೀಯ ಪಕ್ಷಗಳಿಗೆ ಅದರಲ್ಲಿ ಜಾಗವಿಲ್ಲ. ರಾಜಕಾರಣಿಗಳ ಕುಟುಂಬಗಳೇ ಟಿವಿ ವಾಹಿನಿ ನಡೆಸಿದ್ದನ್ನು ಕಂಡ ರಾಜ್ಯದಲ್ಲಿ, ಎಚ್.ಡಿ. ಕೋಟೆ ಸೀಮೆಯ ಸರಗೂರಿನಲ್ಲಿ ಆದಿವಾಸಿಗಳ ನಡುವೆ ಕೆಲಸ ಮಾಡುವ ‘ಜನಧ್ವನಿ’ಯಂಥ ರೇಡಿಯೊ ಮೇಲೆ ಶಂಕೆ ತೋರುವುದು ನ್ಯಾಯವೇ? ಪಕ್ಷಪಾತಕ್ಕೆ ದಂಡ ಹಾಕಿ, ಸುಳ್ಳಿಗೆ ಪರವಾನಗಿ ರದ್ದು ಮಾಡಿ, ದೂರು ಕೇಳಲು ಸರ್ಕಾರದಿಂದ ಸ್ವತಂತ್ರವಾದ ಪ್ರಾಧಿಕಾರ ಕಟ್ಟಿ. ತಪ್ಪು ಮಾಡಿದವರಿಗೆ ಶಿಕ್ಷೆ ಕೊಡುವ ಬದಲು ಯಾರೂ ಮಾತಾಡದಂತೆ ಮಾಡುವುದು ಆಡಳಿತದ ಸೋಮಾರಿತನ.

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವೇ 2023ರ ಸೆಪ್ಟೆಂಬರ್‌ನಲ್ಲಿ ಖಾಸಗಿ ಎಫ್‌ಎಂಗಳಿಗೆ ಗಂಟೆಗೆ 10 ನಿಮಿಷ ಸುದ್ದಿ ಪ್ರಸಾರಕ್ಕೆ ಅವಕಾಶ ಕೊಡಿ ಎಂದು ಶಿಫಾರಸು ಮಾಡಿದೆ. ಆ ಹತ್ತು ನಿಮಿಷ ಜಾಹೀರಾತಿನ ಮೇಲೆ ಬದುಕುವ ನಗರದ ಎಫ್‌ಎಂಗಳಿಗೆ ಮಾತ್ರ ಸಿಕ್ಕಿದರೆ ಸಾಲದು, ತಾಲ್ಲೂಕಿನ ಸಮುದಾಯ ರೇಡಿಯೊಗೆ ಮೊದಲು ಸಿಗಬೇಕು. ಮಳವಳ್ಳಿಯೂ ಸೇರಿರುವ ಮಂಡ್ಯ ಕ್ಷೇತ್ರದಿಂದ 2024ರಲ್ಲಿ ಗೆದ್ದ ಎಚ್.ಡಿ. ಕುಮಾರಸ್ವಾಮಿ ಕೇಂದ್ರ ಸಂಪುಟ ಸೇರಿದರು. ನೀರಿಗಾಗಿ ದೆಹಲಿಯಲ್ಲಿ ದನಿ ಎತ್ತಿ ಎಂದು ಪ್ರತಿ ಬೇಸಿಗೆಯಲ್ಲೂ ನಮ್ಮ ಸಂಸದರನ್ನು ಕೇಳುತ್ತೇವೆ. ನಮ್ಮ ದನಿ ನಮ್ಮ ಊರಲ್ಲಿ ಕೇಳಲಿಕ್ಕೂ ಅಲ್ಲಿ ವಾದಿಸಿ ಎಂದು ಈಗ ಕೇಳಬೇಕಾಗಿದೆ. ಈ ನಿಷೇಧ ಯಾಕೆ ಬೇಡ ಎಂದು ವಿವರಿಸುವ ಹೊಣೆ ಜನರದಲ್ಲ. ಟಿವಿಗೂ ಪತ್ರಿಕೆಗೂ ಇರುವ ಹಕ್ಕು ರೇಡಿಯೊಗೆ ಯಾಕಿಲ್ಲ ಎಂದು ವಿವರಿಸುವ ಹೊಣೆ ಸರ್ಕಾರದ್ದು. ಇಷ್ಟು ವರ್ಷದಲ್ಲಿ ಅದಕ್ಕೆ ಒಪ್ಪುವಂಥ ಒಂದು ಉತ್ತರವನ್ನೂ ಅದು ಕೊಟ್ಟಿಲ್ಲ.