ತಂಡ ಕಟ್ಟಿದಾಕಿ ಹೆಸರ ಎಲ್ಲೆ ಹೋತು?

ಮೊನ್ನೆ ಅರಿಶಿಣ-ಕುಂಕುಮಕ್ಕ ಕೂಡಿದಾಗ ಫುಟ್‌ಬಾಲ್ ಮಾತು ಬಂತು. “ಅದು ಗಂಡಸರ ಆಟ, ನಮಗ್ಯಾಕ ಬೇಕವಾ” ಅಂದ್ರು ಒಬ್ರು ವೈನಿ. ವೈನಿ, ಅವತ್ತ ಅರ್ಧಕ್ಕ ನಿಂತ ಮಾತು ಇವತ್ತ ಮುಗಸ್ತೀನಿ, ಕೇಳ್ರಿ.

1917ನೇ ಇಸವಿ. ಇಂಗ್ಲೆಂಡಿನ ಪ್ರೆಸ್ಟನ್ ಊರಾಗ ಡಿಕ್ ಕೆರ್ ಅಂತ ಒಂದ ಕಾರ್ಖಾನಿ. ಗಂಡಸರು ಮಹಾಯುದ್ಧಕ್ಕ ಹೋಗಿದ್ರು, ಮದ್ದುಗುಂಡಿನ ಕೆಲಸಕ್ಕ ಹೆಣ್ಣಮಕ್ಕಳು ಬಂದಿದ್ರು. ಊಟದ ಬಿಡುವಿನ್ಯಾಗ ಅಂಗಳದಾಗ ಚೆಂಡ ಒದ್ದು ಆಡೋರು. ಅಲ್ಲೇ ಕೆಲಸ ಕಲಿಯೋ ಹುಡುಗರ ಜೋಡಿ ಪಂದ್ಯಾ ಕಟ್ಟಲಿಕ್ಕೆ ಮುಂದ ನಿಂತಾಕಿ ಗ್ರೇಸ್ ಸಿಬ್ಬರ್ಟ್.

ಇವರ ಆಟ ನೋಡಿ ಆಫೀಸಿನ್ಯಾಗಿದ್ದ ಆಲ್ಫ್ರೆಡ್ ಫ್ರಾಂಕ್‌ಲ್ಯಾಂಡ್ ಮ್ಯಾನೇಜರ್ ಆಗಿ ನಿಂತ. ಊರಿನ ದೊಡ್ಡ ಕ್ಲಬ್ಬಿನ ಡೀಪ್‌ಡೇಲ್ ಮೈದಾನ ಗೊತ್ತ ಮಾಡಿದ. ಆ ವರ್ಷ ಕ್ರಿಸ್‌ಮಸ್ ದಿನ, ಗಾಯಾಳು ಸೈನಿಕರ ದವಾಖಾನಿ ಸಲುವಾಗಿ ಮ್ಯಾಚ್ ಆಡಿ 4-0 ಗೆದ್ರು. ನೋಡಲಿಕ್ಕೆ 10,000 ಮಂದಿ! 1920ರ ಡಿಸೆಂಬರ್ 26ಕ್ಕ ಲಿವರ್‌ಪೂಲಿನ ಗುಡಿಸನ್ ಪಾರ್ಕಿನ್ಯಾಗ 53,000.

ಮಂದಿ ಅಷ್ಟು ಬಂದದ್ದ ಕಣ್ಣಿಗೆ ಚುಚ್ಚಿತೋ ಏನೋ. 1921ರ ಡಿಸೆಂಬರ್ 5ಕ್ಕ ಫುಟ್‌ಬಾಲ್ ಅಸೋಸಿಯೇಶನ್, ಇದು ಹೆಣ್ಣಿಗೆ ಒಗ್ಗೋ ಆಟ ಅಲ್ಲ ಅಂತ ತನ್ನ ಕ್ಲಬ್ಬುಗಳ ಮೈದಾನದ ಬಾಗಲಾ ಹಾಕಿಬಿಡ್ತು. ಸುಮಾರು 50 ವರ್ಷ ತಗೀಲಿಲ್ಲ. ಆದರೂ ತಂಡ ಮುರೀಲಿಲ್ಲ. 1922ರಾಗ ಅಮೆರಿಕಾಕ್ಕ ಹೋಗಿ ಗಂಡಸರ ತಂಡಗಳ ಜೋಡಿ ಆಡಿ ಬಂದ್ರು. ಫ್ರಾಂಕ್‌ಲ್ಯಾಂಡ್ ಆದಮ್ಯಾಲ ಕ್ಯಾಥ್ ಲೇಥಮ್ ಅನ್ನೋ ಹೆಣ್ಣಮಗಳ ಅದನ್ನ ನಡಿಸಿದ್ಲು, 1965ರ ತನಕ.

ಮ್ಯಾನೇಜರ್ ಕೆಲಸ ಸಣ್ಣದಲ್ಲ. ಜಾಗಾ ಹುಡುಕೋದು, ಎದುರು ತಂಡ ಗೊತ್ತ ಮಾಡೋದು, ರೊಕ್ಕ ಹೊಂದಿಸೋದು. ಸಂಸಾರ ತೂಗಿಸೋ ನಮಗ ಅದನ್ನ ಹೇಳಿಕೊಡಬೇಕಿಲ್ಲ. ಫ್ರಾಂಕ್‌ಲ್ಯಾಂಡಗ ಹೆಸರ ಸಿಗಲಿ. ಆದ್ರ ತಂಡ ಹುಟ್ಟಿಸಿದವ ಅವನ ಅಂದ್ರ ನನ್ನ ತಕರಾರ ಅದ. ಹಾಲಿಗೆ ಹೆಪ್ಪ ಹಾಕಿದಾಕಿ ಒಬ್ಬಾಕಿ, ಬೆಣ್ಣಿ ತಗದವರಿಗಷ್ಟ ಶಾಬ್ಬಾಸ್ಕಿ ಅಂದ್ರ ಹೆಂಗ?

ನಾವೂ ಹಂಗ ಮಾಡೀವಿ. ನಮ್ಮ ಓಣಿ ಭಜನಾ ಮಂಡಳಿ ವಹಿ ತಗದು ನೋಡ್ರಿ, ಅಧ್ಯಕ್ಷರ ಹೆಸರೆಲ್ಲಾ ಅವ. ಮನಿಮನಿಗೆ ಅಡ್ಡಾಡಿ ನಮ್ಮನ್ನ ಕೂಡಿಸಿದ ಕಾಕುನ ಹೆಸರ ಒಂದ ಸಾಲಿನ್ಯಾಗೂ ಇಲ್ಲ. ಅವರಿಗೀಗ 80 ದಾಟೇದ, ಮರವೂ ಸುರು ಆಗೇದ. ಶುಕ್ರವಾರ ಪೆನ್ನು, ವಹಿ ಹಿಡಕೊಂಡು ಅವರ ಮನಿಗೆ ಹೊಂಟೀನಿ. ಯಾರ್ಯಾರು ಬರ್ತೀರಿ?